ವಂದನಾರ್ಪಣೆ ಅಪ್ಪನ ಮೌನವ್ರತ

ನಮ್ಮಪ್ಪ ಭಾಷಣಕಾರರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವರಿಗೆ ಬೇಜಾರಾಗುತ್ತದೆ. ಭಾಷಣ ಯಾರು ಬೇಕಾದರೂ ಮಾಡಬಹುದು. ಅಧ್ಯಕ್ಷರು ಮಾಡುತ್ತಾರೆ, ಮುಖ್ಯ ಅತಿಥಿಗಳು ಮಾಡುತ್ತಾರೆ, ಮೈಕು ಕೈಗೆ ಸಿಕ್ಕಿದರೆ ಶಾಮಿಯಾನದವನೂ ಮಾಡುತ್ತಾನೆ. ಅಪ್ಪ ಮಾಡುವುದು ವಂದನಾರ್ಪಣೆ! ದೆಹಲಿಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿ ಒಂದು ದೀಪ ಹಚ್ಚಿದರೆ ಸಾಕು, ಅದರಲ್ಲಿ ಎಣ್ಣೆ ಮುಗಿಯುವುದರೊಳಗೆ ಅಪ್ಪ ಎದ್ದು ನಿಂತು ಎಲ್ಲರನ್ನೂ ವಂದಿಸಲೇಬೇಕು. ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ಅಲ್ಲಿ ಎಷ್ಟು ಫೈಲು ಮುಗಿಸಿದರೋ ಗೊತ್ತಿಲ್ಲ, ಸಭೆಗಳನ್ನಂತೂ ಮುಗಿಸಿದ್ದಾರೆ.

ವಂದನಾರ್ಪಣೆ ಎಂದರೆ ನಿಮಗೆ ಗೊತ್ತಲ್ಲ? ಜನ ಕುರ್ಚಿಯ ಕೆಳಗೆ ಚಪ್ಪಲಿ ಹುಡುಕುವ ಹೊತ್ತು. ಊಟದ ಕಡೆಯಿಂದ ಸಾರಿನ ಘಮ ಬರುವ ಹೊತ್ತು. ಅಪ್ಪ ಮಾತ್ರ ಅದನ್ನು ಸಭೆಯ ಕಳಶಪ್ರಾಯ ಘಟ್ಟ ಅಂತ ನಂಬಿದ್ದಾರೆ. ಹಾರ ತಂದವರಿಗೆ, ಹಾರ ಹಾಕಿಸಿಕೊಂಡವರಿಗೆ, ಹಾರ ಹಾಕುವಾಗ ಫೋಟೋ ತೆಗೆದವರಿಗೆ, ಫೋಟೋಗೆ ಅಡ್ಡ ಬರದೆ ಪಕ್ಕಕ್ಕೆ ಸರಿದವರಿಗೆ, ಎಲ್ಲರಿಗೂ ಬಿಡಿಬಿಡಿಯಾಗಿ ವಂದನೆ. ಅಡಿಗೆಯವರು ಅಪ್ಪ ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳಿದೊಡನೆ ಪಾತ್ರೆಗಳ ಮುಚ್ಚಳ ತೆಗೆಯುತ್ತಿದ್ದವರು, ಆಮೇಲಾಮೇಲೆ ಅನುಭವದಿಂದ ಪಾಠ ಕಲಿತು, ಆ ಸದ್ದಿಗೆ ಅನ್ನಕ್ಕೆ ಅಕ್ಕಿ ಹಾಕತೊಡಗಿದರು!

ಒಮ್ಮೆ ಆರ್.ಕೆ.ಪುರಂನಲ್ಲಿ ಪರಿಚಿತರೊಬ್ಬರ ವೈಕುಂಠ ಸಮಾರಾಧನೆ. ಎಲೆ ಹಾಕುವ ಮೊದಲು ಅಪ್ಪ ಎದ್ದರು. ಯಾರೂ ಕೇಳಿರಲಿಲ್ಲ. ಪುರೋಹಿತರಿಗೆ, ಅಡಿಗೆಯವರಿಗೆ, ಜಮಖಾನ ಕೊಟ್ಟ ಪಕ್ಕದ ಮನೆಯ ಸರ್ದಾರ್ಜಿಗೆ ವಂದಿಸಿ, ಕೊನೆಗೆ ಹಾರ ಹಾಕಿದ್ದ ಫೋಟೋದ ಕಡೆ ತಿರುಗಿ, "ನಾವೆಲ್ಲರೂ ಇಂದು ಇಲ್ಲಿ ಸೇರಲು ಮೂಲ ಕಾರಣಕರ್ತರಾದ ದಿವಂಗತರಿಗೂ ಹೃತ್ಪೂರ್ವಕ ವಂದನೆಗಳು" ಅಂದರು! ತೀರಿಕೊಂಡವರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ಅಳು ತಡೆಯಲಿಕ್ಕೋ ನಗು ತಡೆಯಲಿಕ್ಕೋ ನನಗಿನ್ನೂ ತಿಳಿದಿಲ್ಲ.

ಇಂಥವರ ಜೊತೆ ಬಾಳಿದ ನಮ್ಮಮ್ಮನ ಪಾಲಿಗೆ ಉಳಿದದ್ದು ಮೂರೇ ಮಾತು: "ಹೂಂ", "ಊಟಕ್ಕೆ ಬನ್ನಿ", "ಇನ್ನೊಂಚೂರು ಹಾಕ್ಲಾ?" ಮನೆಯ ಮಿಕ್ಕ ಮಾತೆಲ್ಲ ಅಪ್ಪನ ಖಾತೆಯದು. ಅಮ್ಮನದು ಸ್ವಭಾವದಿಂದಲೇ ಮಾತು ಕಡಿಮೆ ಅಂತ ನಾವೆಲ್ಲ ನಂಬಿದ್ದೆವು. ಮದುವೆಯಾಗಿ ಬಂದ ನನ್ನ ಗಂಡನಂತೂ ಮೊದಲ ವರ್ಷ ಅವಳಿಗೆ ಕಿವಿ ಮಂದ ಅಂದುಕೊಂಡಿದ್ದರು.

ಆ ವರ್ಷ ರಾಜ್ಯೋತ್ಸವದ ಹೊತ್ತಿಗೆ ಅಪ್ಪನ ಗಂಟಲು ಕಟ್ಟಿತ್ತು. ದೆಹಲಿಯಲ್ಲಿ ನವೆಂಬರಿನಲ್ಲಿ ಯಾರ ಗಂಟಲು ಕಟ್ಟುವುದಿಲ್ಲ ಹೇಳಿ? ಹೊಗೆ, ಧೂಳು, ಪಟಾಕಿ. ಅಮ್ಮ ಜ್ಯೇಷ್ಠಮಧು ಕೊಟ್ಟಳು, ಶುಂಠಿ ಕೊಟ್ಟಳು. ಆದರೂ ಅಪ್ಪ ವೇದಿಕೆ ಹತ್ತಿ, ಒಡಕು ಸ್ವರದಲ್ಲಿ, ಅಲ್ಲಲ್ಲಿ ಮಾತು ಪೂರ್ತಿ ಕಂತಿಹೋಗುತ್ತಾ, ಕನ್ನಡ ತಾಯಿಗೆ ವಂದನೆ ಸಲ್ಲಿಸಿದರು. ಭಾವಾವೇಶದಿಂದ ಕಂಠ ಬಿಗಿದು ಬಂದಿದೆ ಅಂತ ಭಾವಿಸಿ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು! ಅವರ ಜೀವಮಾನದಲ್ಲಿ ವಂದನಾರ್ಪಣೆಗೆ ಸಿಕ್ಕ ಮೊದಲ ಚಪ್ಪಾಳೆ ಅದು. ಆ ಸಂತೋಷದಲ್ಲಿ ಡಾಕ್ಟರ ಹತ್ತಿರ ಹೋಗುವುದನ್ನು ಇನ್ನಷ್ಟು ಮುಂದೂಡಿದರು.

ಕೊನೆಗೆ ನಾನೇ ಎಳೆದುಕೊಂಡು ಹೋದೆ. ಗಂಟಲಿಗೆ ಕೊಳವೆ ಇಳಿಸಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಸ್ವರ ಹುಟ್ಟುವ ಜಾಗದಲ್ಲೇ ಕ್ಯಾನ್ಸರ್. ಬೇಗ ಸಿಕ್ಕಿದೆ, ರೇಡಿಯೇಷನ್ ಕೊಟ್ಟರೆ ಗುಣವಾಗುವ ಸಂಭವ ಚೆನ್ನಾಗಿದೆ ಅಂದರು ಡಾಕ್ಟರು.

"ಔರ್ ಆವಾಜ್?" ಅಂತ ಸ್ವರದ ಬಗ್ಗೆ ಕೇಳಿದೆ.

ಡಾಕ್ಟರು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡಿದರು. "ನೋಡೋಣ. ಬರಬಹುದು. ಮೊದಲಿನ ಹಾಗೆ ಬರುತ್ತದೆ ಅಂತ ಈಗಲೇ ಹೇಳಲಾರೆ" ಅಂತ ಹಿಂದಿಯಲ್ಲಿ ಹೇಳಿದರು. ಅಪ್ಪನ ಜೀವ ಉಳಿದು ಮಾತು ಹೋದರೆ ಉಳಿಯುವ ಆ ಮನುಷ್ಯ ಯಾರು? ನನಗಂತೂ ಅವರ ಪರಿಚಯವಿಲ್ಲ. ಜೊತೆಗೆ ಬಂದಿದ್ದ ಅಮ್ಮ ಎಂದಿನಂತೆ "ಹೂಂ" ಅಂದಳು. ಅಪ್ಪ ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ರೋಗವನ್ನು ಸಕಾಲದಲ್ಲಿ ಪತ್ತೆ ಹಚ್ಚಿದ ಡಾಕ್ಟರಿಗೆ, ಕೊಳವೆ ಹಿಡಿದ ಸಿಸ್ಟರಿಗೆ, ಬಾಗಿಲು ತೆರೆದ ವಾರ್ಡ್ ಬಾಯ್‌ಗೆ ಗೊಗ್ಗರು ಸ್ವರದಲ್ಲಿ ವಂದಿಸಿದರು. ಹೊರಗೆ ಮುಂದಿನ ಪೇಷೆಂಟು ಬಾಗಿಲು ಬಡಿಯುತ್ತಿದ್ದ!

ಅಪ್ಪ ಅಮ್ಮ ಇದ್ದದ್ದು ದ್ವಾರಕಾದ ಸೊಸೈಟಿ ಫ್ಲ್ಯಾಟಿನಲ್ಲಿ. ಆಸ್ಪತ್ರೆಗೆ ಹತ್ತಿರ ಅಂತ ಇಬ್ಬರನ್ನೂ ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿಗೆ ಕರೆತಂದೆ. ರೇಡಿಯೇಷನ್ ಸೋಮವಾರದಿಂದ ಶುಕ್ರವಾರದವರೆಗೆ, ಶನಿವಾರ ಭಾನುವಾರ ಇಲ್ಲ ಅಂತ ತಿಳಿದಾಗ ಅಪ್ಪನ ಮುಖ ಅರಳಿತು. "ಫೈವ್ ಡೇ ವೀಕ್! ಗೆಜೆಟೆಡ್ ಹಾಲಿಡೇನೂ ಇದೆಯಂತೆ ಕಣೇ. ಇದು ಶಿಸ್ತಿನ ಇಲಾಖೆ" ಅಂದರು. ಇಷ್ಟಕ್ಕೇ ಬಿಟ್ಟರೇ? ಸಂಕ್ರಾಂತಿಗೆ ಒಂದು ರಿಸ್ಟ್ರಿಕ್ಟೆಡ್ ಹಾಲಿಡೇ ತೆಗೆದುಕೊಳ್ಳಬಹುದೇ ಅಂತ ಡಾಕ್ಟರನ್ನು ಕೇಳಿಯೂಬಿಟ್ಟರು!

"ಆಪ್ ಕಾ ಕ್ಯಾನ್ಸರ್ ಲೇಗಾ ಛುಟ್ಟೀ?" ಅಂದರು ಡಾಕ್ಟರು.

ನಿಮ್ಮ ಕ್ಯಾನ್ಸರ್ ರಜೆ ತೆಗೆದುಕೊಳ್ಳುತ್ತದೆಯೇ ಅನ್ನುವ ಆ ಪ್ರಶ್ನೆಯನ್ನು ಅಪ್ಪ ಆಡಳಿತಾತ್ಮಕ ತಿರಸ್ಕಾರವೆಂದು ಒಪ್ಪಿಕೊಂಡರು.

ಇನ್ನು ಮುಖವಾಡದ ಕತೆ. ಗಂಟಲಿಗೆ ರೇಡಿಯೇಷನ್ ಕೊಡುವಾಗ ತಲೆ ಕೂದಲೆಳೆಯಷ್ಟೂ ಅಲುಗಾಡಬಾರದು. ಅದಕ್ಕೆ ತೂತುತೂತಿನ ಒಂದು ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಮುಖ ಕುತ್ತಿಗೆಯ ಮೇಲೆ ಒತ್ತಿ ಅಚ್ಚು ತೆಗೆಯುತ್ತಾರೆ. ಗಟ್ಟಿಯಾದ ಮೇಲೆ ದಿನಾ ಅದನ್ನೇ ಮುಖಕ್ಕೆ ಹಾಕಿ ಮಂಚಕ್ಕೆ ಬಿಗಿಯುತ್ತಾರೆ. ಆ ಕೋಣೆಯ ಗೋಡೆಯ ಮೇಲೆ ಎಲ್ಲ ರೋಗಿಗಳ ಮುಖಗಳೂ ಸಾಲಾಗಿ ಕೂತಿರುತ್ತವೆ. ಅಪ್ಪನದನ್ನು ನೋಡಿ ಅಮ್ಮ, "ಎಡಗೆನ್ನೆ ಯಾಕೆ ಉಬ್ಬಿದೆ?" ಅಂದಳು. ಅವಳು ಅಷ್ಟುದ್ದದ ಪ್ರಶ್ನೆ ಕೇಳಿದ್ದೇ ಆಶ್ಚರ್ಯವಾಗಿ ನಾವ್ಯಾರೂ ಉತ್ತರದ ಕಡೆ ಗಮನ ಕೊಡಲಿಲ್ಲ.

ಉತ್ತರ ಉತ್ತತ್ತಿ! ವಂದನಾರ್ಪಣೆಗೆ ಮೊದಲು ಅಪ್ಪ ಒಂದು ಉತ್ತತ್ತಿಯನ್ನು ದವಡೆಗೆ ಒತ್ತಿಟ್ಟುಕೊಳ್ಳುತ್ತಾರೆ, ಬಾಯಿ ಒಣಗದಿರಲಿ ಅಂತ. ಅಚ್ಚು ತೆಗೆಯುವ ದಿನ ಕೊನೆಯಲ್ಲಿ ಎಲ್ಲರಿಗೂ ವಂದಿಸಬೇಕಲ್ಲ ಅಂತ ಮುಂಚಿತವಾಗಿಯೇ ಇಟ್ಟುಕೊಂಡು ಹೋಗಿದ್ದರು. ಬಾಯಲ್ಲೇನಿದೆ ಅಂತ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಮುಖದ ಜೊತೆ ಉತ್ತತ್ತಿಯ ಅಚ್ಚೂ ಬಿತ್ತು.

ಬೇರೆ ಯಾರಾದರೂ ಆಗಿದ್ದರೆ ಮರುದಿನ ಖಾಲಿ ಬಾಯಲ್ಲಿ ಹೋಗುತ್ತಿದ್ದರು. ಅಪ್ಪ ಸೆಕ್ಷನ್ ಆಫೀಸರ್. "ಮುಖವಾಡ ಸ್ಯಾಂಕ್ಷನ್ ಆಗಿರೋದು ಉತ್ತತ್ತಿ ಸಮೇತ. ಈಗ ತೆಗೆದ್ರೆ ವಸ್ತುಸ್ಥಿತಿಗೂ ದಾಖಲೆಗೂ ವ್ಯತ್ಯಾಸ ಬರುತ್ತೆ" ಅಂತ ಅಮ್ಮನಿಗೆ ಗುಟ್ಟಾಗಿ ತಿಳಿಸಿದರಂತೆ. ಅಂದಿನಿಂದ ದಿನಾ ಬೆಳಿಗ್ಗೆ ಇಬ್ಬರೂ ಡಬ್ಬಿ ಮುಂದಿಟ್ಟುಕೊಂಡು ಅದೇ ಅಳತೆಯ ಉತ್ತತ್ತಿ ಆರಿಸುತ್ತಿದ್ದರು. ತೀರಾ ಸಣ್ಣದು ದೇವರಿಗೆ, ತೀರಾ ದೊಡ್ಡದು ಪಾಯಸಕ್ಕೆ, ಮಧ್ಯದ್ದು ರೇಡಿಯೇಷನ್ನಿಗೆ. ಇದೆಲ್ಲ ನನ್ನ ಅಡಿಗೆಮನೆಯಲ್ಲೇ ನಡೆಯುತ್ತಿತ್ತು. ಹಿರಿಯರು ಏನೋ ಹಬ್ಬಕ್ಕೆ ತಯಾರಿ ಮಾಡುತ್ತಿದ್ದಾರೆ ಅಂತ ನಾನು ಪಕ್ಕದಲ್ಲೇ ಚಪಾತಿ ಲಟ್ಟಿಸುತ್ತಿದ್ದೆ.

ಒಂದು ದಿನ ರೇಡಿಯೇಷನ್ ಮುಗಿದ ಮೇಲೆ ಡಾಕ್ಟರು ತಪಾಸಣೆಗೆ ಕರೆದರು. ಕುತ್ತಿಗೆ ಮುಟ್ಟಿದರು, ದವಡೆ ಮುಟ್ಟಿದರು. ಅವರ ಬೆರಳು ಎಡಗೆನ್ನೆಯಲ್ಲಿ ನಿಂತಿತು. ಒತ್ತಿದರು. ಮತ್ತೆ ಒತ್ತಿದರು.

"ಈ ಗಂಟು ಯಾವಾಗಿನಿಂದ ಇದೆ?"

ಕ್ಯಾನ್ಸರ್! ಹರಡಿಬಿಟ್ಟಿದೆ! ಗೋಡೆ ಹಿಡಿದುಕೊಂಡೆ. ಡಾಕ್ಟರು ಟಾರ್ಚು ಹಾಕಿ, "ಮೂಹ್ ಖೋಲಿಯೇ" ಅಂದರು. ಅಪ್ಪ ತೆರೆದರು. ಡಾಕ್ಟರು ಇಕ್ಕಳ ಹಾಕಿ, ಗಂಟನ್ನು ಹೊರಗೆ ತೆಗೆದು, ಟ್ಯೂಬ್‌ಲೈಟಿನ ಕೆಳಗೆ ಹಿಡಿದರು.

"ಯೇ ಕ್ಯಾ ಹೈ?"

"ಛುಹಾರಾ, ಸರ್" ಅಂದರು ಅಪ್ಪ, ಉಳಿದಿದ್ದ ಚೂರು ಸ್ವರದಲ್ಲಿ. "ಆಸ್ ಪರ್ ಮೋಲ್ಡ್."

ಬಿಗಿದ ಮುಖವಾಡದೊಳಗೆ ಮಲಗಿದ್ದಾಗ ಅದೇನಾದರೂ ಜಾರಿ ಗಂಟಲಿಗೆ ಸಿಕ್ಕಿದ್ದರೆ ಕ್ಯಾನ್ಸರಿಗೆ ಕೆಲಸವೇ ಇರುತ್ತಿರಲಿಲ್ಲ ಅಂತ ಡಾಕ್ಟರು ಕೂಗಾಡಿದರು. ಕೂಗಾಡುತ್ತಲೇ ಅವರಿಗೆ ನಗು ಬಂತು, ನಗುತ್ತಲೇ ಹೊಸ ಅಚ್ಚಿಗೆ ಬರೆದುಕೊಟ್ಟರು. ಆಮೇಲೆ ದಿನಾ ಯಂತ್ರದ ಕೋಣೆಯ ಬಾಗಿಲಲ್ಲೇ ಟೆಕ್ನಿಷಿಯನ್ನು ಅಪ್ಪನ ಬಾಯಿ ತೆರೆಸಿ ಟಾರ್ಚು ಬಿಡುತ್ತಿದ್ದ. ವಿಮಾನ ನಿಲ್ದಾಣದಲ್ಲೂ ಅಷ್ಟು ತಪಾಸಣೆ ಇಲ್ಲ. ಅಪ್ಪ ಪ್ರತಿ ಸಲವೂ ಅವನಿಗೆ ಕೈಮುಗಿಯುತ್ತಿದ್ದರು.

ಕೈಯೇ ಮುಗಿಯಬೇಕಾಗಿತ್ತು, ಯಾಕೆಂದರೆ ಅಷ್ಟು ಹೊತ್ತಿಗೆ ಮಾತು ಪೂರ್ತಿ ಬಂದ್. ಗಂಟಲು ಒಳಗೆ ಹುಣ್ಣಾಗಿ, ಹೊರಗೆ ಕುತ್ತಿಗೆ ಕಪ್ಪಗೆ ಸುಟ್ಟಂತಾಗಿತ್ತು. ಗುಟುಕು ಗಂಜಿ ಇಳಿಯಲು ಕಣ್ಣಲ್ಲಿ ನೀರು ಬರುತ್ತಿತ್ತು. ಪಿಸುಮಾತೂ ಕೂಡದು ಅಂತ ಡಾಕ್ಟರ ಆಜ್ಞೆ. ಆದರೆ ವಂದಿಸದೆ ಇರುವುದು ಹೇಗೆ? ಮನೆ ಮುಂದೆ ಆಟೋದಿಂದ ಇಳಿದು, ಕೈ ಜೋಡಿಸಿ, ಕಣ್ಣು ಮುಚ್ಚಿ, ಡ್ರೈವರನ ಎದುರು ನಿಂತುಬಿಟ್ಟರು. ಒಳಗೇ ಪೂರ್ತಿ ವಂದನಾರ್ಪಣೆ ನಡೆಯುತ್ತಿತ್ತು ಅಂತ ಕಾಣುತ್ತದೆ, ಕೈ ಇಳಿಯಲೇ ಇಲ್ಲ! ಆಟೋದವನು ಹೆದರಿ ನನ್ನ ಕಡೆ ನೋಡಿ, "ದೀದೀ, ನಾನು ಮೀಟರ್ ಪ್ರಕಾರವೇ ತಗೊಂಡಿದ್ದು, ಬಾಬೂಜೀ ಯಾಕೆ ಹೀಗೆ ಬೇಡಿಕೊಳ್ತಿದಾರೆ?" ಅಂತ ಹಿಂದಿಯಲ್ಲಿ ಗೋಗರೆದ.

ಈ ಮೌನದ ನಡುವೆ ನಮ್ಮ ಮನೆಯಲ್ಲಿ ಎರಡನೆಯ ಅದ್ಭುತ ನಡೆಯಿತು. ಅಮ್ಮ ಮಾತಾಡತೊಡಗಿದಳು!

ಮೊದಲು ಕುಕ್ಕರಿನ ಬಗ್ಗೆ ಏನೋ ಅಂದಳು. ಎಲ್ಲರೂ ತಿರುಗಿ ನೋಡಿದೆವು. ಅದರಿಂದ ಸ್ಫೂರ್ತಿ ಬಂತೋ ಏನೋ, ಕುಕ್ಕರಿನಿಂದ ಅವಳ ಸೋದರತ್ತೆಗೆ, ಸೋದರತ್ತೆಯಿಂದ ಹಾಸನದ ಅವಳ ಶಾಲೆಗೆ, ಶಾಲೆಯಿಂದ ನಮ್ಮ ಹಳೆಯ ಕ್ವಾರ್ಟರ್ಸಿನ ಕೆಳಮನೆಯ ಪಂಜಾಬಿ ಹೆಂಗಸು ಬಟ್ಟೆ ಒಣಹಾಕುತ್ತಿದ್ದ ತಂತಿಗೆ ಬಂದಳು. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಇನ್ನೂ ದೊಡ್ಡ ಆಘಾತ ಕಾದಿತ್ತು. ರೋಹ್ತಕ್ಕಿನ ಕಡೆಯ ನಾಲ್ಕು ಹೆಂಗಸರನ್ನು ಸುತ್ತ ಕೂಡಿಸಿಕೊಂಡು, ಮೆಂತ್ಯದ ಹಿಟ್ಟು ಮಾಡುವ ಕ್ರಮವನ್ನು ಹಿಂದಿಯಲ್ಲಿ ಹೇಳುತ್ತಿದ್ದಳು. ಅಮ್ಮನಿಗೆ ಹಿಂದಿ ಬರುತ್ತದೆ! ತರಕಾರಿಯವರ ಹಿಂದಿ, ಆದರೆ ಎಷ್ಟು ಖಡಕ್ಕು! ಅಪ್ಪ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡುತ್ತಾ ಕೂತಿದ್ದರು. ಟೆಕ್ನಿಷಿಯನ್ನು ಬಂದವನೇ, ಬಾಯಿ ತೆರೆದೇ ಇದೆಯಲ್ಲ ಅಂತ ಅಲ್ಲೇ ಟಾರ್ಚು ಹಾಕಿ ಮುಗಿಸಿದ.

ಅಪ್ಪನ ಜೀವನಚರಿತ್ರೆಯೂ ಈಗ ಹೊಸದಾಗಿ ಬರೆಯಲ್ಪಟ್ಟಿತು. "ಅವತ್ತು ನೀವು ವಂದಿಸಿ ಮುಗಿಸೋ ಹೊತ್ತಿಗೆ ಜಾಮೂನು ಖಾಲಿ. ನನಗೆ ಬರೀ ಪಾಕ ಸಿಕ್ತು. ನಾನೇನಾದ್ರೂ ಅಂದ್ನಾ?" ಅಂತ ಅಮ್ಮ ಕೇಳುತ್ತಿದ್ದಳು. ಅಪ್ಪ ಇಲ್ಲವೆಂದು ತಲೆಯಾಡಿಸುತ್ತಿದ್ದರು. "ಹೂಂ" ಅನ್ನಲಿಕ್ಕೂ ಅವರಿಗೆ ಅನುಮತಿ ಇರಲಿಲ್ಲವಲ್ಲ!

ಜನವರಿ ಮುಗಿಯುವ ಹೊತ್ತಿಗೆ ಚಿಕಿತ್ಸೆಯೂ ಮುಗಿಯಿತು. ಹುಣ್ಣು ಮಾಗಿತು, ಅನ್ನ ಸಾರು ಇಳಿಯತೊಡಗಿತು. ಡಾಕ್ಟರು ಮತ್ತೆ ಕೊಳವೆ ಇಳಿಸಿ ನೋಡಿ, "ಸದ್ಯಕ್ಕೆ ಚೆನ್ನಾಗಿದೆ. ಇನ್ನು ನಿಧಾನವಾಗಿ ಮಾತಾಡಲಿ" ಅಂದರು. ನಾವೆಲ್ಲ ಸುತ್ತ ನಿಂತೆವು. ಅಪ್ಪ ಬಾಯಿ ತೆರೆದರು. ಗಾಳಿ ಬಂತು. ಸ್ವರ ಬರಲಿಲ್ಲ. ಕುತ್ತಿಗೆ ಮುಟ್ಟಿಕೊಂಡು ತಲೆಯಾಡಿಸಿದರು.

ನಾಳೆ ಬರುತ್ತದೆ ಅಂದುಕೊಂಡೆವು. ನಾಳೆಯೂ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ನನ್ನ ಗಂಡ ಬೇರೆ ಡಾಕ್ಟರನ್ನು ವಿಚಾರಿಸಿದರು. ನಾನು ಆಫೀಸಿನಲ್ಲಿ ಫೈಲು ಎದುರಿಟ್ಟುಕೊಂಡು, ಅಪ್ಪನ ಹಳೆಯ ಉದ್ದುದ್ದ ವಾಕ್ಯಗಳನ್ನು ನೆನೆಸಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದೆ. ಅವು ಯಾವಾಗ ಮುಗಿಯುತ್ತವೋ ಅಂತ ಒದ್ದಾಡುತ್ತಿದ್ದವಳು ನಾನೇನಾ ಅನಿಸುತ್ತಿತ್ತು. ಅಮ್ಮನೊಬ್ಬಳು ಬಿಡುವಿಲ್ಲದೆ ಮಾತಾಡುತ್ತಿದ್ದಳು. ಅದು ನನಗೆ ಸ್ವಲ್ಪ ಸಿಟ್ಟನ್ನೂ ತರಿಸಿತು.

ಒಂದು ಸಂಜೆ ಅಪ್ಪ ಹಾಲಿನ ಬೂತಿಗೆ ಹೋಗಿದ್ದಾಗ ಅಡಿಗೆಮನೆಯಲ್ಲಿ ಕೇಳಿಯೇಬಿಟ್ಟೆ. "ಅಮ್ಮಾ, ಅವರಿಗೆ ಸ್ವರ ಬರ್ತಿಲ್ಲ ಅಂತ ನಮಗೆಲ್ಲ ಜೀವ ಹೋಗ್ತಿದೆ. ನೀನು ಹೇಗೆ ಇಷ್ಟು ಮಾತಾಡ್ತೀಯ?"

ಅಮ್ಮ ಒಲೆ ಸಣ್ಣ ಮಾಡಿದಳು. "ಮನೆ ಸುಮ್ಮನಾಗಿಬಿಟ್ರೆ ಭಯ ಆಗುತ್ತೆ ಕಣೇ" ಅಂದಳು. "ಅವರ ಸ್ವರ ಇಲ್ಲದ ಮನೆ ನಂಗೆ ಗೊತ್ತೇ ಇಲ್ಲ. ಏನಾದ್ರೂ ಸದ್ದು ಇರ್ಲಿ ಅಂತ ಬಾಯಿಗೆ ಬಂದದ್ದು ಹೇಳ್ತಾ ಇರ್ತೀನಿ. ಏನು ಹೇಳ್ದೆ ಅಂತ ನಂಗೇ ನೆನಪಿರಲ್ಲ."

ಅಪ್ಪನನ್ನು ಕರೆತರುತ್ತೇನೆ ಅಂತ ಹೊರಟುಬಿಟ್ಟೆ.

ಬೂತಿನ ಪಕ್ಕದಲ್ಲಿ ತರಕಾರಿ ಗಾಡಿ. ಅದರ ಹಿಂದಿನಿಂದ ಒಂದು ಸ್ವರ ಕೇಳಿಸಿತು. ದಪ್ಪಗಿತ್ತು, ಅಂಚು ಸವೆದಿತ್ತು, ಆದರೆ ಲೋಕದಲ್ಲಿ ಇನ್ನಾರದೂ ಆಗಿರಲಿಕ್ಕೆ ಸಾಧ್ಯವಿರಲಿಲ್ಲ. "ಭಯ್ಯಾ, ಇಷ್ಟು ಚಳಿಯಲ್ಲೂ ತಾಜಾ ಬಟಾಣಿ ತಂದುಕೊಟ್ಟಿದ್ದಕ್ಕೆ ನಿಮಗೂ, ನಿಮ್ಮ ಮನೆಯವರಿಗೂ ಬಹುತ್ ಬಹುತ್ ಧನ್ಯವಾದ್..."

"ಅಪ್ಪಾ!"

ಅಪ್ಪ ಕಳ್ಳರ ಹಾಗೆ ಬೆಚ್ಚಿಬಿದ್ದರು. ನಾನು ಅಳುತ್ತಿದ್ದೆ, ಬೈಯುತ್ತಿದ್ದೆ, ಭಯ್ಯಾ ಬಟಾಣಿ ಹಿಡಿದುಕೊಂಡು ಇಬ್ಬರನ್ನೂ ನೋಡುತ್ತಿದ್ದ. ಎಷ್ಟು ದಿನದಿಂದ ಸ್ವರ ಬಂದಿದೆ? ಯಾಕೆ ಹೇಳಲಿಲ್ಲ? ಇದೆಂಥ ಆಟ?

"ಮೆಲ್ಲಗೆ ಕಣೇ" ಅಂದರು ಅಪ್ಪ. "ನಿಮ್ಮಮ್ಮ ಮಾತಾಡ್ತಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಎಷ್ಟು ಚೆನ್ನಾಗಿ ಮಾತಾಡ್ತಾಳೆ! ನಾನು ಬಾಯಿ ಬಿಟ್ರೆ ಮತ್ತೆ ಹೂಂ ಅಂತ ಕೂತ್ಬಿಡ್ತಾಳೆ. ಡಾಕ್ಟ್ರು 'ಸದ್ಯಕ್ಕೆ ಚೆನ್ನಾಗಿದೆ' ಅಂದ್ರು. ಸದ್ಯಕ್ಕೆ ಅಂದ್ರೆ ಎಷ್ಟು ದಿನ ಅಂತ ಯಾರಿಗೆ ಗೊತ್ತು? ಇರೋವಷ್ಟು ದಿನ ಕೇಳಿಸ್ಕೋತೀನಿ, ಬಿಡು."

ಅಮ್ಮ ಆಗಷ್ಟೇ ಹೇಳಿದ್ದನ್ನು ಹೇಳಿದೆ. ಸಂತೋಷಕ್ಕಲ್ಲ ಅಪ್ಪಾ, ಭಯಕ್ಕೆ ಮಾತಾಡ್ತಿದಾಳೆ ಅಂದೆ. ಅಪ್ಪ ಅಲ್ಲೇ ನಿಂತರು. ಅವರ ಬಳಿ ಮಾತೇ ಇಲ್ಲದ್ದನ್ನು ನಾನು ನಿಜವಾಗಿ ನೋಡಿದ್ದು ಆಗಲೇ. ಆಮೇಲೆ ಭಯ್ಯಾಗೆ ವಂದನೆ ಪೂರ್ತಿ ಮಾಡುವುದನ್ನೂ ಮರೆತು ಮನೆ ಕಡೆ ನಡೆದರು.

ಅಮ್ಮ ಮೊರ ತಂದು ಬಟಾಣಿ ಸುಲಿಯಲು ಕೂತಳು. ಸುಲಿಯುತ್ತಾ ಎಂದಿನಂತೆ ಶುರುಮಾಡಿದಳು. ಮದುವೆಯಾಗಿ ಮೊದಲ ಸಲ ದೆಹಲಿಗೆ ಬಂದ ರೈಲಿನ ಕತೆ. ಝಾನ್ಸಿಯಲ್ಲಿ ಅಪ್ಪ ನೀರು ತರಲು ಇಳಿದದ್ದು, ನೀರು ಕೊಟ್ಟವನಿಗೆ ವಂದಿಸುತ್ತಾ ನಿಂತಾಗ ರೈಲು ಹೊರಟದ್ದು, ಓಡಿ ಹಿಂದಿನ ಡಬ್ಬಿ ಹತ್ತಿ ಗ್ವಾಲಿಯರಿನಲ್ಲಿ ಬಂದು ಸೇರಿಕೊಂಡದ್ದು. ಇದನ್ನು ಅಪ್ಪ ಹೇಳಿ ಹೇಳಿ ನಮಗೆಲ್ಲ ಬಾಯಿಪಾಠ. ಹಿಂದಿನ ಡಬ್ಬಿಯಲ್ಲಿ ಯಾರು ಜಾಗ ಕೊಟ್ಟರು, ಯಾರು ಕಡಲೆಕಾಯಿ ಕೊಟ್ಟರು, ಎಲ್ಲ ಗೊತ್ತು. ಅಮ್ಮ ರೈಲು ಹೊರಟಲ್ಲಿಗೆ ಬಂದು ನಿಲ್ಲಿಸಿ, ಒಂದು ಹುಳುಕು ಕಾಯಿ ಪಕ್ಕಕ್ಕೆ ಹಾಕಿದಳು.

"ಆಮೇಲೆ? ನೀನೇನು ಮಾಡ್ದೆ?" ಅಂದರು ಅಪ್ಪ.

ಅಮ್ಮನ ಕೈಯಿಂದ ಸಿಪ್ಪೆ ಜಾರಿತು. ಅಪ್ಪನ ಮುಖವನ್ನೇ ನೋಡಿದಳು. ಸ್ವರ ಬಂತಲ್ಲ ಅಂತ ಕೂಗಲಿಲ್ಲ, ದೇವರಿಗೆ ಕೈಮುಗಿಯಲಿಲ್ಲ. ಕಣ್ಣು ಮಾತ್ರ ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, ಕೇಳಿದ್ದಕ್ಕೆ ಉತ್ತರ ಹೇಳಿದಳು.

"ಏನ್ ಮಾಡ್ಲಿ? ಭಾಷೆ ಬರಲ್ಲ, ಯಾರೂ ಗೊತ್ತಿಲ್ಲ. ಕಿಟಕಿ ಕಂಬಿ ಹಿಡ್ಕೊಂಡು ನಿಮ್ಮ ಹೆಸರು ಹಿಡಿದು ಕೂಗ್ದೆ. ಗಂಡನ ಹೆಸರು ಹೇಳಬಾರದು ಅಂತ ನಮ್ಮಮ್ಮ ಹೇಳಿ ಕಳಿಸಿದ್ಲು. ಆದ್ರೂ ಸ್ಟೇಷನ್ ದಾಟೋವರೆಗೂ ಕೂಗ್ದೆ."

ಅಪ್ಪ ಮೊರದ ಹತ್ತಿರ ಸರಿದು ಕೂತರು.

"ನಂಗೆ ಕೇಳಿಸ್ಲೇ ಇಲ್ವಲ್ಲೇ" ಅಂದರು. ಆಮೇಲೆ ಅಮ್ಮನ ಜೊತೆ ಬಟಾಣಿ ಸುಲಿಯತೊಡಗಿದರು.